ನೆರಳು ಬಾರದ ಗೆರೆ

ಏಪ್ರಿಲ್ 14, 2013

ಇಂದೂ ಅದೇ. ಗೇಟಿನಲ್ಲಿ ಮೊಬೈಲ್ ಕೊಟ್ಟು ಒಳಗೆ. ವಾಚನ್ನೂ ಬಿಡುವುದಿಲ್ಲ — ಕ್ಯಾಮೆರಾ ಇರಬಹುದಂತೆ, ಒಳಗೆ ಮನೆಯ ಹೆಂಗಸರಿದ್ದಾರಂತೆ. ಸಮಯ ಎಂದರೆ ಫೋರ್ಮನ್ ನಾರ್ಬರ್ಟ್‌ನ ಮಣಿಕಟ್ಟು; ಅವನ ವಾಚಿಗೆ ಮಾತ್ರ ಅನುಮತಿ. ನನ್ನ ಹುದ್ದೆಯ ಹೆಸರು ಟೈಮ್ ಕೀಪರ್.

ದುಬೈಯಿಂದ ಗಂಟೆ ದಾರಿ ದೂರದ ಖಲೀಫಾ ಸಿಟಿಯ ಈ ವಿಲ್ಲಾದ ಯಜಮಾನರು ಇಟಲಿಯಲ್ಲಿ ಐನೂರು ವರ್ಷ ಹಳೆಯ ತೋಟವೊಂದನ್ನು ನೋಡಿ ಬಂದರು. ಅದೇ ಬೇಕು. ಕತ್ತರಿಸಿದ ಹಸಿರು ಗೋಡೆ, ಮೆಟ್ಟಿಲು, ನಡುವೆ ನೆರಳು ಗಡಿಯಾರ. ಆ ಕಾಲದವರು ಮನುಷ್ಯನನ್ನು ಜಗತ್ತಿನ ನಡುವೆ ನಿಲ್ಲಿಸಿದರು ಎಂದು ಓದಿದ್ದೇನೆ. ಇಲ್ಲಿ ಮನುಷ್ಯ ಗುಂಡಿಯಲ್ಲಿ.

ಏಪ್ರಿಲ್ 25

ಗಡಿಯಾರ ಬಂತು. ದುಬೈಯ ರಾಸ್ ಅಲ್ ಖೋರ್‌ನಲ್ಲಿ ಕಾರು ರಿಪೇರಿ ಮಾಡುವ ಉಳ್ಳಾಲದ ಬದ್ರುದ್ದೀನ್ ಹಿತ್ತಾಳೆಯ ಕಡ್ಡಿಯನ್ನು ತಟ್ಟೆಗೆ ಕೂರಿಸಿದ್ದಾರೆ.

"ಕಡ್ಡಿ ಸೊಟ್ಟ ಬಂದಿತ್ತು ಮಾರಾಯ್ರೆ. ಲಾರಿಯಲ್ಲಿ ಬಗ್ಗಿದ್ದು ಕಾಣ್ತದೆ. ಲೆವೆಲ್ ಇಟ್ಟು ನೇರ ಮಾಡಿದೆ."

ನನಗೂ ಇಷ್ಟವಾಯಿತು. ಬಾಗದ ಕಡ್ಡಿ.

ಮಧ್ಯಾಹ್ನ ನೆರಳು ಸರಿಯಾಗಿ ಹನ್ನೆರಡರ ಗೆರೆಗೆ ಬಿತ್ತು. ಆಗ ನಾರ್ಬರ್ಟ್‌ನ ವಾಚಿನಲ್ಲಿ ಹನ್ನೆರಡೂವರೆಯ ಹತ್ತಿರ... ಏನೋ ಹೊಳೆಯಿತು.

ಜೂನ್ 14

ನಾಳೆಯಿಂದ ಬೇಸಿಗೆಯ ಕಾನೂನು. ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸವಿಲ್ಲ, ನೆರಳಲ್ಲಿ ವಿಶ್ರಾಂತಿ. ಕರಪತ್ರ ಹಿಂದಿ, ಉರ್ದು, ಮಲಯಾಳದಲ್ಲಿದೆ. ನಮ್ಮವರಿಗೆ ನಾನೇ ತುಳುವಿನಲ್ಲಿ ಹೇಳಿದೆ. ಕಳೆದ ವರ್ಷ ನಾರ್ಬರ್ಟ್ ನಿಲ್ಲಿಸಿದ್ದು ತನಗೆ ಹಸಿವಾದಾಗ. ಬೆಳ್ಮಣ್ಣಿನ ಕೊರಗಪ್ಪಣ್ಣ ಒಮ್ಮೆ ಬಿದ್ದೂ ಇದ್ದರು. ಇನ್ನೊಮ್ಮೆ ಬಿದ್ದರೆ ಏಳುವುದಿಲ್ಲ ಎಂದಿದ್ದರು ಡಾಕ್ಟರ್.

ಎಲ್ಲರೆದುರು ಹೇಳಿದೆ: ಇನ್ನು ಗಡಿಯಾರವೇ ತೀರ್ಮಾನಿಸಲಿ, ನೆರಳಿನ ಹನ್ನೆರಡೇ ವಾಚಿನ ಹನ್ನೆರಡೂವರೆ. ಸೂರ್ಯ ಫೋರ್ಮನ್‌ನ ಸಂಬಳಕ್ಕಿಲ್ಲ.

ನಾರ್ಬರ್ಟ್ ನಕ್ಕ. "ಆಯ್ತು ಕಾಮ್ರೇಡ್ ರಿತೇಶ. ನೆರಳು ಹನ್ನೆರಡಕ್ಕೆ ಬಂದ್ರೆ ಯಲ್ಲಾ, ನಡೀರಿ ಊಟಕ್ಕೆ. ಬರದಿದ್ರೆ ಇಲ್ಲ. ಮತ್ತೆ ಮಾತು ತಿರುಗಿಸ್ಲಿಕ್ಕಿಲ್ಲ."

ತುಳುವಿನಲ್ಲಿ ನೆರಳಿಗೆ ನಿರೆಲ್ ಎನ್ನುತ್ತೇವೆ. ಕೊರಗಪ್ಪಣ್ಣ ಹಾರೆ ಊರಿ ಕೇಳಿದರು: "ನಿರೆಲ್ ಬಂದ್ರೆ ನಿರೆಲಿಗೆ ಹೋಗುದು. ಇಷ್ಟೇ ಅಲ್ವಾ ಮಗಾ?"

ಇಷ್ಟೇ ಎಂದೆ. ಗೆದ್ದೆ ಎನಿಸಿತು.

ಜೂನ್ 15, ಸಂಜೆ

ಬೆಳಿಗ್ಗೆ ನನ್ನನ್ನು ಗಿಡ ತರಲು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿಗೆ ಕಳಿಸಿದರು. ಮರಳುವಾಗ ಆಂಬ್ಯುಲೆನ್ಸ್ ಹೋಗಿಯಾಗಿತ್ತು.

ಜೊತೆಯವರು ಹೇಳಿದ್ದು — ಕಡ್ಡಿಯ ನೆರಳು ಪಡುವಣ ಬದಿಯಲ್ಲಿತ್ತು. ಗಿಡ್ಡವಾಯಿತು. ಇನ್ನೂ ಗಿಡ್ಡ. ಕಡ್ಡಿಯ ಬುಡದಲ್ಲಿ ಇಲ್ಲವಾಯಿತು. ಆಮೇಲೆ ಮೂಡಣ ಬದಿಯಲ್ಲಿ ಹೊರಬಂತು. ಹನ್ನೆರಡರ ಗೆರೆಯನ್ನು ಮುಟ್ಟಲೇ ಇಲ್ಲ. ಸೂರ್ಯ ನೆತ್ತಿಯ ಮೇಲಿದ್ದ.

"ಬಂತಾ? ಬಂದಿಲ್ವಲ್ಲ" ಎಂದನಂತೆ ನಾರ್ಬರ್ಟ್.

ಉಳಿದವರು ಬೈದುಕೊಂಡು ಗೇಟಿನ ಸೂರಿನಡಿಗೆ ಹೋದರು. ಕೊರಗಪ್ಪಣ್ಣ ಹೋಗಲಿಲ್ಲ. "ರಿತೇಶ ಸುಳ್ಳು ಹೇಳುವ ಜನ ಅಲ್ಲ. ಬರ್ತದೆ." ಅಗೆಯುತ್ತ ಅಗೆಯುತ್ತ, ಬೀಳುವವರೆಗೂ ತಟ್ಟೆಯನ್ನೇ ನೋಡುತ್ತಿದ್ದರಂತೆ.

ಜೂನ್ 17

ಆಸ್ಪತ್ರೆ. ಗಾಜಿನಾಚೆಯಿಂದ ನೋಡಿದೆ. ನರ್ಸ್ ಫಿಯೋನಾ ನಮ್ಮ ಕಡೆಯವರೇ. "ಕಣ್ಣು ಬಿಟ್ರೆ ಒಂದೇ ಮಾತು, ನಿರೆಲ್ ಬತ್ತ್ಂಡಾ ಅಂತ. ನೆರಳು ಬಂತು ಬಾಪ್ಪಾ, ಎಸಿ ಉಂಟಲ್ಲ ಅಂದೆ. ಸರಿ ಅಂತ ಏಳ್ಲಿಕ್ಕೆ ನೋಡಿದ್ರು. ಊಟಕ್ಕಂತೆ."

ಜೂನ್ 19

ಕೊರಗಪ್ಪಣ್ಣ ಹೋದರು.

ಜೂನ್ 22

ಇಟಲಿಯ ಗಡಿಯಾರದ ನಕ್ಷೆ ತೆಗೆದು ನೋಡಿದೆ. ಕಡ್ಡಿ ಓರೆ. ಓರೆಯೇ ಸರಿ; ಲಾರಿಯಲ್ಲಿ ಬಗ್ಗಿದ್ದಲ್ಲ. ಓರೆಯಿದ್ದಿದ್ದರೆ ಸೂರ್ಯ ನೆತ್ತಿಯಲ್ಲಿದ್ದರೂ ನೆರಳು ಆ ಗೆರೆಯ ಮೇಲೇ ಬೀಳುತ್ತಿತ್ತು. ಬದ್ರುದ್ದೀನ್‌ಗೆ ಫೋನ್ ಮಾಡಿ, ಕೆಲಸ ಹೇಗಿದೆ ಎಂದಷ್ಟೇ ಕೇಳಿ ಇಟ್ಟೆ.

ಕೊರಗಪ್ಪಣ್ಣನನ್ನು ಯಾರೂ ದುಡಿಸಲಿಲ್ಲ, ಅವರೇ ಕೆಲಸ ನಿಲ್ಲಿಸಲಿಲ್ಲ ಎಂಬ ಹೇಳಿಕೆಗೆ ಎಲ್ಲರೂ ಸಹಿ ಹಾಕಿದ್ದಾರೆ. ನಾನು ಹಾಕಿಲ್ಲ. ಹಾಕಿದರೂ ಸುಳ್ಳಾಗುವುದಿಲ್ಲ — ಅದೇ ಕಷ್ಟ.

ಜೂನ್ 24

ಕೊರಗಪ್ಪಣ್ಣನ ಹೆಂಡತಿ ಲೋಲಾಕ್ಷಕ್ಕನ ಫೋನ್. ಹಿಂದೆ ಹಂಚಿನ ಮೇಲೆ ಮಳೆಯ ಸದ್ದು.

"ನೀನು ಗಂಟೆ ನೋಡುವವ ಅಲ್ವಾ ಮಗಾ? ಇವರು ಯಾಕೆ ನಿಲ್ಲಿಸ್ಲಿಲ್ಲ?"

"ನೆರಳು ಬರ್ಲಿಲ್ಲ ಅಕ್ಕಾ."

ಹಂಚಿನ ಮೇಲೆ ಮಳೆ ಜೋರಾಯಿತು.

"ಹಾಗಾದ್ರೆ ಅಲ್ಲಿಯೂ ಮೋಡವಾ?"

ನಾನು ಹೌದು ಎಂದೆ.