ಕೋಲು ಕುಟ್ಟಿದ್ದು

ನಿರ್ದೇಶಕರಿಗೆ ವಾಚ್‌ಮನ್ ಮಾಡುವ ನಮಸ್ಕಾರ.

ನಿಮ್ಮ ಸ್ಕೇಟ್‌ಬೋರ್ಡ್ ಸಿನಿಮಾದಲ್ಲಿ ಆಫೀಸಿನ ಮೆಟ್ಟಿಲಿಂದ ಮಕ್ಕಳನ್ನು ಓಡಿಸುವವನು ನಾನೇ. ದಿನಾ ಮಾಡುವ ಕೆಲಸವೇ ಆದ್ದರಿಂದ ನಟನೆ ಕಷ್ಟವಾಗಲಿಲ್ಲ.

ಮೊನ್ನೆ ನಮಗೆಲ್ಲ ತೋರಿಸಿದ ಪ್ರತಿಯಲ್ಲಿ, ನನ್ನ ಮಗಳು ಬೋರ್ಡಿನ ಮೇಲೆ ಮೆಟ್ಟಿಲು ಹಾರಿದ ಕೂಡಲೇ ನಾನು ಕೋಲು ಕುಟ್ಟುತ್ತೇನೆ, ಮಕ್ಕಳು ದಿಕ್ಕಾಪಾಲಾಗಿ ಓಡುತ್ತಾರೆ. ನಾನು ಕುಟ್ಟಿದ್ದು ಅವಳು ಹಾರಿದಾಗಲೇ ನಿಜ, ಆದರೆ ಅವರು ಓಡಿದ್ದು ಹಿಂದಿನ ದಿನ. ದಯವಿಟ್ಟು ಓಡುವ ಆ ತುಣುಕನ್ನು ಅಲ್ಲಿಂದ ತೆಗೆಯಿರಿ.

ಹಾರಿದ ರಭಸಕ್ಕೆ ಮುಂದೆ ಸಾಗಿದ್ದ ಮಗಳು ಅವತ್ತು ನನ್ನನ್ನು ನೋಡಿರಲಿಲ್ಲ. ಸಿನಿಮಾ ಮುಗಿದ ಮೇಲೆ, "ನಾನು ಹಾರಿದಾಗ್ಲೂ ಓಡಿಸೋದೇ ಆಯ್ತಾ ಅಪ್ಪ ನಿಂಗೆ?" ಎಂದಳು.

ಯಾರಾದರೂ ಬೀಳದೆ ಹಾರಿದರೆ ಈ ಮಕ್ಕಳು ಚಪ್ಪಾಳೆ ತಟ್ಟುವುದಿಲ್ಲ, ತಮ್ಮ ಬೋರ್ಡನ್ನೇ ನೆಲಕ್ಕೆ ಕುಟ್ಟುತ್ತಾರೆ. ನನ್ನ ಕೈಯಲ್ಲಿದ್ದದ್ದು ಕೋಲು.

ಇಂತಿ,
ಗೇಟಿನವನು