ಖರ್ಜೂರ ತಿನ್ನು ಅಂದವಳಿಗೆ

ಶ್ರೀ

ಹೊಸಪೇಟೆ
14 ನವೆಂಬರ್ 2025

ಚಿ. ಸೌ. ಅರ್ಚಿತಾಳಿಗೆ ಅಮ್ಮನ ಆಶೀರ್ವಾದಗಳು.

ನಿಮ್ಮಪ್ಪ ಕ್ಷೇಮ. ನನ್ನ ಬಗ್ಗೆ ಹಾಗೆ ಬರೆಯುವ ಮುಂಚೆ ಸ್ವಲ್ಪ ಹೇಳುವುದಿದೆ. ಸೀಮಂತಕ್ಕೆ ಯಾವತ್ತು ಸಂಡೂರಿಗೆ ಬರುತ್ತೀ ಎಂದು ನೀನು ಕೇಳಿದಾಗಲೆಲ್ಲ ಒಲೆಯ ಮೇಲೆ ಹಾಲಿದೆ ಎಂದು ಫೋನ್ ಇಟ್ಟುಬಿಟ್ಟೆ. ಹಾಲಿರಲಿಲ್ಲ. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ನಿಮ್ಮ ಮನೆಯಲ್ಲಿ ಫೋನು ಸದಾ ಸ್ಪೀಕರಿನ ಮೇಲಿರುತ್ತದೆ, ಅದಕ್ಕೆ ನಿನ್ನ ಶಾಲೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಅರ್ಧ ಪುಟ ಬರೆಯುವಷ್ಟರಲ್ಲಿ ಭುಜ ಎಳೆಯಲು ಶುರುವಾಗುತ್ತದೆ. ನಿಲ್ಲಿಸಿ, ಮರುದಿನ ಮತ್ತೆ ಕೂಡುತ್ತೇನೆ.

ಮಡಿಸೀರೆಯನ್ನು ಕೋಲಿನಿಂದ ಗಳಕ್ಕೆ ಏರಿಸುವ ಕೆಲಸ ಈಗಲೂ ನಿಮ್ಮಪ್ಪನದೇ. ಒಂದು ತುದಿ ಏರಿಸಿದರೆ ಇನ್ನೊಂದು ತುದಿ ಅವರ ತಲೆಯ ಮೇಲೆ ಬೀಳುತ್ತದೆ. "ಇಷ್ಟು ವರ್ಷ ನೀ ಹೆಂಗ ಏರಿಸ್ದಿ ಇದನ್ನ?" ಅಂದರು ಮೊನ್ನೆ. ತಲೆ ಬಾಚಿಕೊಳ್ಳಲು ಕೈ ಹಿಂದಕ್ಕೆ ಹೋಗುವುದಿಲ್ಲ, ಕೆಲಸದ ಎರ್ರೆಮ್ಮನೇ ಬಾಚುತ್ತಾಳೆ. "ಅಮ್ಮಾರೆ, ಕೂದ್ಲಕಿಂತ ಬಾಚಣಿಗಿ ಹಲ್ಲೇ ಜಾಸ್ತಿ ಅದಾವ್ರಿ" ಎಂದು ನಗಿಸುತ್ತಾಳೆ. ಬೆಳಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ, ಆಮೇಲೆ ಒಂದು ಗಂಟೆ ಕಾಫಿ ಇಲ್ಲ. ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ಹತ್ತಿಸುತ್ತೇನೆ. ಸ್ವಿಚ್ಚಿನ ಹಲಗೆ ದಾಟಿದ್ದೇನೆ. ಓದುವಾಗ ಪುಸ್ತಕವನ್ನು ದಿಂಬಿಗೆ ಒರಗಿಸಿಕೊಳ್ಳುತ್ತೇನೆ.

ಈಗ ಹೇಳಬೇಕಾದದ್ದು.

ಆಗಸ್ಟಿನಲ್ಲಿ, ಗೌರಿ ಹಬ್ಬಕ್ಕೆ ಮುಂಚೆ, ಡಾಕ್ಟರಮ್ಮ ನನ್ನ ಭುಜ ನೋಡುವುದು ಬಿಟ್ಟು ಮುಖ, ಕಣ್ಣಿನ ಕೆಳಗಿನ ಊತ, ಉಗುರು ನೋಡಿದರು. "ಇಂಥ ಸೆಕಿಯಾಗ ಸ್ವೆಟರ್ ಯಾಕ್ರಿ?" ಎಂದು ಕೇಳಿ ರಕ್ತ ತೆಗೆಸಿದರು. ಥೈರಾಯ್ಡ್ ಕೆಲಸ ಮಾಡುವುದು ಭಾಳ ಕಮ್ಮಿಯಾಗಿದೆ, ಇದು ಇವತ್ತು ನಿನ್ನೆಯದಲ್ಲ ಅಂದರು. ಭುಜ ಬಿಗಿದುಕೊಂಡದ್ದು ಅದರಿಂದಲೇ ಎಂದು ಖಂಡಿತ ಹೇಳಲಾರೆ, ಆದರೆ ಥೈರಾಯ್ಡ್ ಇದ್ದವರಲ್ಲಿ ಇದು ಹೆಚ್ಚು, ಮೊದಲೇ ಮಾತ್ರೆ ಶುರು ಮಾಡಿದ್ದರೆ ಇಷ್ಟು ಆಗುತ್ತಿರಲಿಲ್ಲವೇನೋ ಎಂದೂ ಹೇಳಿದರು. ಗೊತ್ತಿದ್ದಷ್ಟನ್ನೇ ಹೇಳಿದರಲ್ಲ ಎಂದು ಅವರ ಮೇಲೆ ನನಗೆ ಗೌರವ ಬಂತು.

ಮನೆಗೆ ಬಂದು ನಿಮ್ಮಪ್ಪನಿಗೆ, "ಥೈರಾಯ್ಡ್ ಅಂತ" ಅಂದೆ. ಅವರು ಪೇಪರಿನಿಂದ ತಲೆ ಎತ್ತಿ ಕೇಳಿದ್ದು: "ಅಂದ್ರ, ಇನ್ನೂ ಹೆಚ್ಚಾಗ್ಯದೇನು?"

"ಇನ್ನೂ ಅಂದ್ರ?"

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಅಲ್ಲೇ ನಿಂತೆ.

"ಅರ್ಚಿತಾನೇ ನಿನಗ ಹೇಳೋದು ಬ್ಯಾಡ ಅಂದ್ಳು. ಮದುವಿ ಆಗೋತನಕ ಅಷ್ಟೇ ಅಪ್ಪಾ ಅಂದ್ಳು. ಆಮ್ಯಾಲೆ ಹೆಂಗ ಹೇಳೋದು ಅಂತ ತಿಳೀಲಿಲ್ಲ."

"ಸ್ವೆಟರ್ ಹಾಕ್ಕೊಂಡು ಮಲಗಿದ್ರ ಸೋಮಾರಿ ಅಂತಿದ್ರಿ. ಗೊತ್ತಿದ್ದೂ ಅಂತಿದ್ರಿ."

"ಚೇಷ್ಟಿ ಮಾಡಿದ್ದೆ ಮಾರಾಯ್ತಿ."

ಎರಡು ವರ್ಷದ ಹಿಂದಿನ ಯುಗಾದಿ ನಿನಗೆ ನೆನಪಿರಬೇಕು. ನನಗೆ ಕೂತಲ್ಲೇ ನಿದ್ದೆ ಬರುತ್ತದೆ ಎಂದು ನೀನೇ ಕೈ ಹಿಡಿದು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದೆ. ಸಂಜೆ ಬಂದು, "ಎಲ್ಲಾ ನಾರ್ಮಲ್ ಅಮ್ಮಾ, ರಕ್ತ ಸ್ವಲ್ಪ ಕಮ್ಮಿ ಅದ, ಖರ್ಜೂರ ತಿನ್ನು" ಅಂದೆ. ನಾನು ತಿಂದೆ. ದಿನಾ ರಾತ್ರಿ ಹಾಲಿನಲ್ಲಿ ನೆನೆಹಾಕಿ ಬೆಳಗ್ಗೆ ತಿಂದೆ. ಆ ದಸರೆಯಲ್ಲಿ, ನಿನ್ನ ಮದುವೆಗೆ ಮುಂಚೆ, ಬಲ ಭುಜ ಹಿಡಿದುಕೊಂಡಾಗ ಕಂಪ್ಲಿಯಲ್ಲಿ ಎಣ್ಣೆ ಹಚ್ಚಿ ತೀಡುವ ಗಾಳೆಪ್ಪನ ಹತ್ತಿರ ಕಳುಹಿಸಿದವಳೂ ನೀನೇ. ಅವನು ತೀಡುತ್ತಾ, "ಇದು ನರದ ಗಂಟು ಅಲ್ರಿ ಅಮ್ಮಾ, ಸಿಟ್ಟಿನ ಗಂಟು. ಮನಿಯಾಗ ಯಾರ ಮ್ಯಾಲೆ ಸಿಟ್ಟು ಐತಿ ಹೇಳಿಬಿಡ್ರಿ, ಸಡ್ಲ ಆಗ್ತೈತಿ" ಅಂದ. ಆಗ ಯಾರ ಮೇಲೂ ಇರಲಿಲ್ಲ.

ನಿನ್ನ ಕಾರಣ ನನಗೆ ಅರ್ಥವಾಗದ್ದಲ್ಲ. ಆ ಯುಗಾದಿಗೆ ಮುಂಚೆ ಹೆಣ್ಣು ನೋಡಲು ಬಂದ ದಿನ ನಿಮ್ಮ ಅತ್ತೆ ಗಂಗಾಬಾಯಿಯವರು ನಮ್ಮ ಪಡಸಾಲೆಯಲ್ಲೇ ಕೂತು, "ಗುಂತಕಲ್ಲಿನ ಹುಡುಗಿ ಭಾಳ ಛಲೋ ಇದ್ಳುರಿ. ತಾಯಿಗೆ ಥೈರಾಯ್ಡ್ ಅಂತ ಗೊತ್ತಾತು, ಬಿಟ್ವಿ. ಮುಂದ ಮಕ್ಕಳಿಗೆ ಬರ್ತದಂತ" ಅಂದಿದ್ದರು. ನೀನು ಪ್ರಭಂಜನನನ್ನು ಕಳೆದುಕೊಳ್ಳಲು ಹೆದರಿದೆ. ನನಗೊಂದು ಮಾತು ಹೇಳಿದ್ದರೆ ನಾನೇ ಮುಚ್ಚಿಡುತ್ತಿದ್ದೆ ಅರ್ಚಿತಾ. ಬೀಗರು ಏಳುವ ಮುಂಚೆ ಮಾತ್ರೆ ನುಂಗಿ ಸುಮ್ಮನಿರುತ್ತಿದ್ದೆ. ನನ್ನ ರೋಗವನ್ನು ನನ್ನಿಂದಲೇ ಯಾಕೆ ಮುಚ್ಚಿಟ್ಟೆ? ನನ್ನ ಬಾಯಿಯ ಮೇಲೆ ನಿನಗೆ ಅಷ್ಟೂ ನಂಬಿಕೆ ಇರಲಿಲ್ಲವೇ?

ಆಗಸ್ಟಿನ ಆ ಸಂಜೆ, ನೀನು ಇನ್ನೂ ಶಾಲೆಯಲ್ಲಿರುವಾಗಲೇ, ಥೈರಾಯ್ಡ್ ಅಂತೆ ಎಂದು ನಿನಗೆ ಫೋನಿನಲ್ಲಿ ಹೇಳಿದೆ. ಆ ಹೊತ್ತಿಗೆ ನಿಮ್ಮಪ್ಪ ನನಗೆ ಎಲ್ಲ ಹೇಳಿಯಾಗಿತ್ತು. ನೀನು, "ಅಯ್ಯೋ ಹೌದಾ ಅಮ್ಮಾ? ಯಾವಾಗಿಂದ?" ಎಂದು ಕೇಳಿದೆ. ಧ್ವನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ನಾನು ಸರಿಯಾಗಿ ಕೇಳಿಸುತ್ತಿಲ್ಲ, ಸಿಗ್ನಲ್ ಇಲ್ಲ ಎಂದು ಇಟ್ಟೆ.

ಇಷ್ಟು ದಿನ ಸುಮ್ಮನಿದ್ದವಳು ಈಗ ಬರೆಯುತ್ತಿರುವುದು ಹಳೆಯ ಲೆಕ್ಕಕ್ಕಲ್ಲ. ಹೋದ ತಿಂಗಳು ನೀನು ಶಾಲೆಯಿಂದ ಫೋನ್ ಮಾಡಿ ನಗುತ್ತಾ ಹೇಳಿದೆ: ಸಂಡೂರಿನ ಆಸ್ಪತ್ರೆಯಲ್ಲಿ ತವರಿನಲ್ಲಿ ಯಾರಿಗಾದರೂ ಥೈರಾಯ್ಡ್ ಇದೆಯಾ ಎಂದು ಕೇಳಿದರಂತೆ, ಅತ್ತೆ ಪಕ್ಕದಲ್ಲೇ ಇದ್ದರಂತೆ, ನೀನು "ಯಾರಿಗೂ ಇಲ್ಲ" ಅಂದೆಯಂತೆ, ಆ ಪರೀಕ್ಷೆಯನ್ನೂ ಬೇಡ ಅಂದೆಯಂತೆ. ಅದೇ ಉಸಿರಿನಲ್ಲಿ, "ಸೀಮಂತಕ್ಕ ಬರುವಾಗ ನಿನ್ನ ಮಾತ್ರಿ ಡಬ್ಬಿ ಹೊರಗ ತೆಗೀಬ್ಯಾಡ ಅಮ್ಮಾ" ಎಂದೂ ಹೇಳಿದೆ. ನಾನು ಡಾಕ್ಟರಮ್ಮನನ್ನು ಕೇಳಿದೆ. ತಾಯಿಗೆ ಇದ್ದರೆ ಮಗಳಿಗೂ ಇರಬಹುದು, ಬಸುರಿನಲ್ಲಿ ಅದು ತಿಳಿಯದೆ ಉಳಿದರೆ ಮಗುವಿಗೆ ಒಳ್ಳೆಯದಲ್ಲ, ಏಳು ತಿಂಗಳಾದರೂ ಪರವಾಗಿಲ್ಲ, ನಾಳೆಯೇ ರಕ್ತ ಕೊಡಲಿ ಅಂದರು. ಇರಲೂಬಹುದು, ಇಲ್ಲದಿರಲೂಬಹುದು. ಇಲ್ಲದಿರಲಿ ಎಂದೇ ಪ್ರಾಣದೇವರಿಗೆ ಹರಸಿಕೊಂಡಿದ್ದೇನೆ. ಆದರೆ ನನಗೆ ಖರ್ಜೂರ ಕೊಟ್ಟ ಹಾಗೆ ನಿನ್ನ ಮಗುವಿಗೂ ಕೊಡಬೇಡ.

ಆದ್ದರಿಂದ ನನ್ನ ಉತ್ತರ ಇದು. ರಕ್ತ ಕೊಡು. ಅಮ್ಮನಿಗೆ ಥೈರಾಯ್ಡ್ ಇದೆ ಎಂದು ಡಾಕ್ಟರಿಗೂ ನಿಮ್ಮ ಅತ್ತೆಗೂ ನೀನೇ ಹೇಳು. ಹೇಳಿದ್ದೇನೆ ಎಂದು ಫೋನ್ ಮಾಡು, ಸ್ಪೀಕರಿನ ಮೇಲೆಯೇ ಮಾಡು. ಮರುದಿನದ ಮೊದಲ ಬಸ್ಸಿಗೆ ಹಸಿರು ಸೀರೆ, ಬಳೆ ತೆಗೆದುಕೊಂಡು ಬರುತ್ತೇನೆ. ಇಲ್ಲದಿದ್ದರೆ ಸೀಮಂತಕ್ಕೆ ನಾನು ಬರುವುದಿಲ್ಲ. ನಿಮ್ಮಪ್ಪನನ್ನೂ ಕಳಿಸುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಶಾಲೆಯಲ್ಲಿ ನಿಂತೇ ಪಾಠ ಹೇಳಬೇಡ. ನೀನೂ ನಿನ್ನ ಮಗುವೂ ಚೆನ್ನಾಗಿರಿ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಮ್ಮ,
ಪ್ರಿಯಂವದಾ

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ಇದನ್ನು ಬರೆಯಬಾರದು ಎಂದುಕೊಂಡಿದ್ದೆ.

ಹೋದ ಶನಿವಾರ ನಿಮ್ಮ ಅತ್ತೆ ಹಂಪಿಗೆ, ಯಂತ್ರೋದ್ಧಾರಕ ಪ್ರಾಣದೇವರ ದರ್ಶನಕ್ಕೆ ಬಂದವರು ನನ್ನನ್ನೂ ಕರೆದರು. ತಿರುಗಿ ಬರುವಾಗ ಕಡ್ಡಿರಾಂಪುರದಲ್ಲಿ ಎಳನೀರು ಕುಡಿಯಲು ಇಳಿದೆವು. ಅವರು ನನ್ನ ಕೈ ಹಿಡಿದುಕೊಂಡು, "ಬೀಗ್ತೇರೆ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮದುವ್ಯಾಗ ನಮ್ಮ ಪ್ರಭಂಜನನ ಕಾಲು ತೊಳಿಯೋವಾಗ ನೀವು ಎಡಗೈಲೆ ನೀರು ಹಾಕಿದ್ರಿ. ನಮ್ಮ ಕಡ್ಯಾವ್ರು ಎಲ್ಲಾ ನೋಡಿದ್ರು. ಅವತ್ತೇ ಅರ್ಚಿತಾನ್ನ ಕೇಳಿದೆ. ಅಮ್ಮಗ ಈ ಸಂಬಂಧ ಮನಸ್ಸಿದ್ದಿಲ್ಲ, ಅದಕ್ಕ ಹಂಗ ಮಾಡಿದ್ಳು, ನೀವು ಮನಸ್ಸಿಗೆ ಹಚ್ಕೋಬ್ಯಾಡ್ರಿ ಅಂದ್ಳು. ಈಗ ಮೊಮ್ಮಗು ಬರೋ ಹೊತ್ತು. ಈಗರೆ ಮನಸ್ಸು ತಿಳಿ ಆತೋ ಇಲ್ಲೋ?" ಅಂದರು.

"ಆತ್ರಿ" ಅಂದೆ.

ಇನ್ನೇನು ಹೇಳಲಿ? ಆ ತಂಬಿಗೆಯನ್ನು ಬಲಗೈ ಎತ್ತಲೇ ಇಲ್ಲ ಎಂದರೆ ನಿನ್ನ ಮಾತು ಸುಳ್ಳಾಗುತ್ತಿತ್ತು. ಅವರ ಮನೆಯವರು ಇಷ್ಟು ದಿನ ನನ್ನ ಹತ್ತಿರ ಬಿಗಿಯಾಗಿ ಮಾತಾಡುತ್ತಿದ್ದದ್ದು ಯಾಕೆ ಎಂದು ಅವತ್ತು ತಿಳಿಯಿತು. ಮದುವೆಯ ಹಿಂದಿನ ದಿನ ನಿನ್ನ ಕೈಗೆ ಗೋರಂಟಿ ಹಚ್ಚುತ್ತಾ, "ಈ ಹುಡುಗ ನನಗ ಭಾಳ ಹಿಡಿಸ್ಯಾನ" ಅಂದಿದ್ದೆ. ನಿಮ್ಮಪ್ಪನ ಹತ್ತಿರವೂ ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ. ಗೊತ್ತಿದ್ದವಳು ನೀನೊಬ್ಬಳೇ.