ಬ್ರೇಕು ಮಾಡಿದವನು ನೀನೇ

ನನ್ನ ಬಸಣ್ಣಾ,

ಮುಂಬಯಿಯ ಧಾರಾವಿಯಲ್ಲಿ, ನಮ್ಮ ಅದೇ ಒಂದು ಕೋಣೆಯ ಖೋಲಿಯಲ್ಲೇ ಕೂತು ಬರೆಯುತ್ತಿದ್ದೇನೆ. ನಿನ್ನ ಗ್ರೀಸು ಹಿಡಿದ ಅಂಗಿ ಇನ್ನೂ ಮೊಳೆಗೆ ನೇತಾಡುತ್ತಿದೆ. ಅತ್ತಿಗೆ ಅದನ್ನು ಒಗೆಯಲು ಒಪ್ಪುವುದಿಲ್ಲ.

ನಿನ್ನ ಧಣಿ ಸೇಠನ ಆ ಹಳೇ ವಿಲಾಯತಿ ಕಾರನ್ನು ನೀನು ಹೇಗೆ ನೋಡಿಕೊಳ್ಳುತ್ತಿದ್ದೆ! ರೇಸಿನ ಹಿಂದಿನ ದಿನ ಬ್ರೇಕಿನ ಲೈನರ್ ಬದಲಿಸಿ ಬಂದು ಅತ್ತಿಗೆಯನ್ನು ಕೆಣಕಿದ್ದೆ: "ಗಾಡಿ ಮುದುಕಿ ಐತಿ ಖರೆ, ಆದ್ರ ನಿಲ್ಲಂದ್ರ ನಿಲ್ತೈತಿ. ನಿನ್ನಂಗಲ್ಲ." ಅತ್ತಿಗೆ ಲಟ್ಟಣಿಗೆ ಎತ್ತಿದ್ದಳು.

ಜುಹೂ ವಿಮಾನ ನಿಲ್ದಾಣದ ರನ್‌ವೇಯ ಮೇಲೆ ಹಳೇ ಕಾರುಗಳ ಆ ರೇಸನ್ನು ನಾನೂ ನಿನ್ನ ಜೊತೆ ಹಗ್ಗದಾಚೆ ನಿಂತು ನೋಡಿದೆ. ತಿರುವಿನಲ್ಲಿ ಮುಂದಿನ ಕಾರು ನಿಧಾನವಾಯಿತು. ಸೇಠ ಒಳಬದಿಯಿಂದ ಮುಂದೆ ನುಗ್ಗಲು ಹೋಗಿ ಅದಕ್ಕೆ ಹಿಂದಿನಿಂದ ಗುದ್ದಿದ. ಹಿಂದಿನಿಂದ ಗುದ್ದಿದವನದೇ ತಪ್ಪು, ಅವನು ಒಂದು ವರ್ಷ ರೇಸಿಗಿಳಿಯುವಂತಿಲ್ಲ. ಅದು ರೇಸಿನ ಕ್ಲಬ್ಬಿನವರೇ ಮಾಡಿಕೊಂಡ ಕಾನೂನು. ಆದರೆ ಗಾಡಿಯೇ ಕೆಟ್ಟಿದ್ದರೆ ಓಡಿಸಿದವನಿಗೆ ಶಿಕ್ಷೆಯಿಲ್ಲ. ಸೇಠ ಕೆಳಗಿಳಿದವನೇ ಕೂಗಿದ: "ಬ್ರೇಕ್ ಫೇಲ್!"

ವಿಚಾರಣೆ ಕ್ಲಬ್ಬಿನೊಳಗೆ, ಫ್ಯಾನಿನ ಕೆಳಗೆ. ನೀನು ಹೊರಗೆ, ಬಿಸಿಲಿನಲ್ಲಿ. ಕೊನೆಗೊಬ್ಬ ಸಾಹೇಬ ಬಾಗಿಲಿಗೆ ಬಂದು ಬ್ರೇಕು ಮಾಡಿದವನು ಯಾರೆಂದು ಕೇಳಿದ: "ಬ್ರೇಕ್ ಕಿಸ್ನೆ ಬನಾಯಾ?" ನಾನೇ, ನನ್ನ ಕೈಯಾರೆ ಎಂದು ನೀನು ಎದೆಯುಬ್ಬಿಸಿದೆ: "ಮೈನೇ ಬನಾಯಾ ಸಾಬ್, ಅಪ್ನೇ ಹಾಥ್ ಸೇ." ಕೆಲಸ ಮೆಚ್ಚಿ ಕೇಳುತ್ತಿದ್ದಾರೆ ಅಂದುಕೊಂಡೆಯಲ್ಲ ಅಣ್ಣಾ! ನಿನ್ನ ಹೆಮ್ಮೆಯನ್ನೇ ಅವರು ತಪ್ಪೊಪ್ಪಿಗೆ ಮಾಡಿಕೊಂಡರು. ಒಬ್ಬನಾದರೂ ಚಕ್ರ ಬಿಚ್ಚಿ ನೋಡಿದನೇ? ಪೆಡಲಿನ ಮೇಲೆ ಕಾಲಿಟ್ಟಿದ್ದೆಯಾ ಎಂದು ಸೇಠನನ್ನು ಕೇಳಿದನೇ? ಅವನಿಗೆ ಚಹಾ ಬಂತು. ನಿನ್ನ ಕೆಲಸ ಹೋಯಿತು.

ಆಮೇಲೆ ಯಾವ ಗ್ಯಾರೇಜಿನವರೂ ಕರೆಯಲಿಲ್ಲ. "ಬ್ರೇಕ್ ಫೇಲ್ ಬಸ್ಯಾ" ಎಂದು ಅವರು ನಕ್ಕರೆ ನೀನೂ ನಗುತ್ತಿದ್ದೆ. ಬಂದರಿನ ಧಕ್ಕೆಯಲ್ಲಿ ಹಡಗಿನ ಮೂಟೆ ಹೊತ್ತೆ. ಎದೆ ಕೆಟ್ಟಿತು. ನಾನು ಕಾರ್ಮಿಕರ ಮೋರ್ಚಾದಲ್ಲಿ ಘೋಷಣೆ ಕೂಗಿ ಗಂಟಲು ಹರಿದುಕೊಂಡು ಬಂದ ದಿನ ನೀನು ಚಾದರದೊಳಗಿಂದ ಕೇಳಿದೆ: "ತಮ್ಮಾ, ಖರೇನ ನನ್ನ ಕೈ ತಪ್ಪಿತ್ತೇನು?" ನಾನು ಇಲ್ಲ ಅಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು, ಸಾಕ್ಷಿಯಿರಲಿಲ್ಲ. ನಿನಗದು ತಿಳಿಯಿತು. ಅದೇ ಪ್ರಶ್ನೆ ಹೊತ್ತುಕೊಂಡು ನೀನು ಕಣ್ಣು ಮುಚ್ಚಿದೆ.

ಈಗ ಕೇಳು. ಸೇಠ ಕಾರು ಮಾರಿದ. ಹೊಸ ಮಾಲೀಕ ಅದನ್ನು ತಂದದ್ದು ವಡಾಲಕ್ಕೆ, ನಿನ್ನ ಗೆಳೆಯ ಇಸ್ಮಾಯಿಲನ ಗ್ಯಾರೇಜಿಗೆ. ಇಸ್ಮಾಯಿಲ ಚಕ್ರ ಬಿಚ್ಚಿದರೆ ಒಳಗೆ ನೀನು ಕೂರಿಸಿದ ಲೈನರೇ ಇದೆ, ರಿವೆಟ್ಟಿನ ಮೇಲೆ ನಿನ್ನದೇ ಸುತ್ತಿಗೆಯ ಗುರುತು. ಯಾರೂ ಕೈ ಹಚ್ಚಿಲ್ಲ! ಬ್ರೇಕು ಫೇಲಾಗಿದ್ದರೆ ಸೇಠ ಇಷ್ಟು ವರ್ಷ ಅದರಲ್ಲೇ ಊರು ತಿರುಗುತ್ತಿದ್ದನೇ? ಇಸ್ಮಾಯಿಲ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ರಸ್ತೆಗಿಳಿಸಿದ. ಕೈಗಾಡಿಯೊಂದು ಅಡ್ಡ ಬಂತು. ಪೆಡಲು ಒತ್ತಿದ. ಮುದುಕಿ ನಿಂತಳು ಅಣ್ಣಾ. ಇಸ್ಮಾಯಿಲ ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತ.

ಹೊಸ ಮಾಲೀಕನನ್ನು ಒಪ್ಪಿಸಿದ್ದೇವೆ. ಈ ಭಾನುವಾರ ಗ್ಯಾರೇಜಿನವರೆಲ್ಲ ಸೇರಿ ಆ ಕಾರಿನಲ್ಲೇ ಕ್ಲಬ್ಬಿಗೆ ಹೋಗುತ್ತೇವೆ. ನಿನ್ನ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಿಗೆ ಮುಂದೆ ಕೂರುತ್ತಾಳೆ. ನೀನು ಬಿಸಿಲಲ್ಲಿ ನಿಂತಿದ್ದ ಆ ಬಾಗಿಲಿನತ್ತ ಜೋರಾಗಿ ಓಡಿಸುತ್ತೇವೆ, ಆದರೆ ಗುದ್ದುವುದಿಲ್ಲ. ನಿನ್ನ ಬ್ರೇಕು ಒತ್ತಿ ಒಂದು ಗೇಣು ಮೊದಲೇ ನಿಲ್ಲಿಸುತ್ತೇವೆ.

ನಿನ್ನ ತಮ್ಮ